ನೆರಳುಗಳ್ಳಿ: ಆಟ ಆಡಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಚಿತ್ರದುರ್ಗದ ನಮ್ಮ ಮನೆ ಮಹಡಿ ಮೇಲೆ ಭಾನುವಾರ ಮಧ್ಯಾಹ್ನ ಐದು ಜನ ಸೇರಿ ಫ್ಯಾಂಟಸಿ ರೋಲ್‌ಪ್ಲೇಯಿಂಗ್ ಆಟ ಆಡುತ್ತೇವೆ, ಅಂದರೆ ಕತೆಯೊಳಗೆ ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ಸೋಲು ಗೆಲುವನ್ನು ಡೈಸ್ ಹಾಕಿ ತೀರ್ಮಾನಿಸುವ ಆಟ. ಆಡಿಸುವವನು, ಅಂದರೆ ಗೇಮ್ ಮಾಸ್ಟರ್, ನಾನು. ನಮ್ಮ ಆಟದ ಬೆಂಗಾಡಿಗೆ ಅಂತ ನಾನು ಕಟ್ಟಿದ ಗಿಡ ಈ ನೆರಳುಗಳ್ಳಿ. ದಾವಣಗೆರೆಯ ಗೆಳೆಯರ ತಂಡ ಅದನ್ನು ಕೇಳಿ ತಗೊಂಡು ಹೋಗಿ ಆಡಿತು. ಅವತ್ತಿನಿಂದ ಫೋನಿಗೆ ಪ್ರಶ್ನೆಗಳು ಬರೋದು ನಿಂತಿಲ್ಲ. ಒಬ್ಬೊಬ್ಬರಿಗೂ ಉತ್ತರ ಕೊಟ್ಟು ಸಾಕಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ. ನೀವು ಆಡಿಸುವವರಲ್ಲ, ಬರೀ ಆಡುವವರು ಅನ್ನೋದಾದರೆ ದಯವಿಟ್ಟು ಮುಂದೆ ಓದಬೇಡಿ. ನಿಮ್ಮ ಆಟ ನೀವೇ ಕೆಡಿಸಿಕೊಂಡಂತೆ ಆಗುತ್ತೆ.

ಚಿಕ್ಕದಾಗಿ ಹೇಳಿ, ಏನಿದು?

ಎರಡಾಳು ಎತ್ತರದ, ಎಲೆಯೇ ಇಲ್ಲದ ಕಳ್ಳಿ. ಆದರೆ ಅದರ ಬುಡದಲ್ಲಿ ದೊಡ್ಡ ಆಲದ ಮರಕ್ಕಿರುವಷ್ಟು ನೆರಳು. ಸುತ್ತ ಮೈಲಿಗಟ್ಟಲೆ ಬಿಸಿಲು, ಮಧ್ಯದಲ್ಲಿ ಇದೊಂದು ತಂಪು. ಬಂದವರು ಕೂರುತ್ತಾರೆ. ಕೂತವರ ನೆರಳನ್ನು ಅದು ಸ್ವಲ್ಪ ಸ್ವಲ್ಪವೇ ಎಳೆದುಕೊಳ್ಳುತ್ತೆ.

ಹೆಸರಲ್ಲೇ ಗುಟ್ಟು ಬಿಟ್ಟುಕೊಟ್ಟಿದ್ದೀರಲ್ಲ, ಆಟಗಾರರಿಗೆ ಗೊತ್ತಾಗಲ್ವಾ?

ಗೊತ್ತಾಗಲಿ ಅಂತಲೇ ಇಟ್ಟಿದ್ದು. ನಮ್ಮ ಭಾಷೆಯಲ್ಲಿ ನೆರಳು ಅಂದರೆ ಮರ ಕೊಡುವುದೂ ಹೌದು, ನಮ್ಮ ಕಾಲಿಗೆ ಅಂಟಿಕೊಂಡಿರುವುದೂ ಹೌದು. ಕಳ್ಳಿ ಅಂದರೆ ಮುಳ್ಳಿನ ಗಿಡ, ಕದಿಯುವವಳು ಕೂಡ. ಊರಿನ ಮುದುಕನೊಬ್ಬ ಆಟಗಾರರಿಗೆ "ದಾರೀಲಿ ನೆರಳುಗಳ್ಳಿ ಸಿಗ್ತಾಳೆ, ಹುಷಾರಪ್ಪ" ಅಂತಾನೆ. ಸಿಗುತ್ತೆ ಅನ್ನಲಿಲ್ಲ, ಸಿಗ್ತಾಳೆ ಅಂದ. ನಮ್ಮ ಹುಡುಗರು ಮೂರು ವಾರ ಯಾವುದೋ ದರೋಡೆ ಹೆಂಗಸಿಗಾಗಿ ಹಗಲು ರಾತ್ರಿ ಕಾವಲು ಕಾದರು, ಆ ಗಿಡದ ಬುಡದಲ್ಲೇ ಕೂತು! ಇಡೀ ಗಿಡ ನಿಂತಿರುವುದು ಈ ಎರಡು ಪದಗಳ ಮೇಲೆ. ಅದಕ್ಕೇ ಆಟವನ್ನು ಕನ್ನಡದಲ್ಲೇ ಆಡಿಸಿ ಅನ್ನೋದು ನನ್ನ ಒಂದೇ ಹಟ.

ಚಿತ್ರದುರ್ಗದಲ್ಲಿ ಮರಳುಗಾಡು ಎಲ್ಲಿದೆ ಗುರು?

ಇಲ್ಲ. ಮರಳುಗಾಡು ಇರುವುದು ಆಟದೊಳಗೆ, ಅದಕ್ಕೆ ನಕ್ಷೆ ನಾನೇ ಬರೆದದ್ದು. ಆದರೆ ಬಿಸಿಲು ನಮ್ಮದೇ. ಮಳೆಮೋಡಗಳು ಪಶ್ಚಿಮ ಘಟ್ಟದಲ್ಲೇ ಬಹುಪಾಲು ಸುರಿದು, ಈಚೆಗೆ ಬರುವಾಗ ಬರಿಗೈ ಆಗಿರುತ್ತವೆ. ಶಾಲೆ ಪುಸ್ತಕದಲ್ಲಿ ಇದಕ್ಕೆ ಮಳೆನೆರಳಿನ ಪ್ರದೇಶ ಅಂತ ಓದಿದ್ದೇವೆ. ನೋಡಿ, ನಮ್ಮ ಜಿಲ್ಲೆಯ ಹಣೆಯಲ್ಲಿ ಬರೆದದ್ದೂ ನೆರಳೇ, ಬಿಸಿಲಿನಿಂದ ಮಾತ್ರ ಕಾಯದ ನೆರಳು. ಗಿಡದ ಮೊದಲ ಯೋಚನೆ ಬಂದದ್ದು ಏಪ್ರಿಲ್‌ನಲ್ಲಿ ಚಂದ್ರವಳ್ಳಿಯಿಂದ ವಾಪಸ್ ಬರುವಾಗ. ಮಧ್ಯಾಹ್ನ ಹನ್ನೆರಡೂವರೆ, ಬಂಡೆ ಮೇಲೆ ಕೈ ಊರಲಾಗದಷ್ಟು ಕಾವು. ಒಂದು ಬಂಡೆಯ ಬುಡದಲ್ಲಿ ಚಾಪೆಯಷ್ಟು ನೆರಳಿತ್ತು, ಅಲ್ಲಿ ಆಗಲೇ ಒಂದು ನಾಯಿ ಮಲಗಿತ್ತು. ಅದು ನನ್ನನ್ನು ನೋಡಿದ ರೀತಿ ನೋಡಿದರೆ, ನೆರಳಿಗೆ ಬೆಲೆ ಎಷ್ಟು ಅಂತ ಯಾರೂ ಹೇಳಿಕೊಡಬೇಕಿರಲಿಲ್ಲ.

ಇದು ನಮ್ಮ ಕಡೆಯ ಹಳೇ ನಂಬಿಕೆಯಾ?

ಅಲ್ಲ. ಹುಟ್ಟಿದ್ದು ನನ್ನ ನೋಟ್‌ಬುಕ್ಕಿನಲ್ಲಿ. "ದುರ್ಗದ ಅಜ್ಜಿಯರು ಹೇಳುವ ಕತೆ" ಅಂತ ಹಬ್ಬಿಸಬೇಡಿ. ನಮ್ಮ ಅಜ್ಜಿಯರು ಹೇಳಿದ ನಿಜವಾದ ಕತೆಗಳೇ ಬೇಕಾದಷ್ಟಿವೆ, ಅವಕ್ಕೆ ಕಲಬೆರಕೆ ಬೇಡ.

ನೆರಳು ಕದಿಯುವುದನ್ನು ಡೈಸ್‌ನಲ್ಲಿ ಹೇಗೆ ತರುವುದು?

ಕಾಲವನ್ನು ಗಳಿಗೆಯಲ್ಲಿ ಎಣಿಸಿ. ಒಂದು ಗಳಿಗೆ ಅಂದರೆ 24 ನಿಮಿಷ, ದಿನಕ್ಕೆ 60. ಗಂಟೆಗಿಂತ ಚಿಕ್ಕದು, ನಿಮಿಷದಷ್ಟು ಕಿರಿಕಿರಿ ಅಲ್ಲ, ಈ ಗಿಡಕ್ಕೆ ಹೇಳಿ ಮಾಡಿಸಿದ ಅಳತೆ.

ನೆರಳಿನೊಳಗೆ ಕಾಲಿಟ್ಟ ಕೂಡಲೇ ಬಿಸಿಲಿನ ತೊಂದರೆ ನಿಲ್ಲುತ್ತೆ, ಬಾಯಾರಿಕೆಯೂ ನಿಲ್ಲುತ್ತೆ. ಇದು ಮೋಸವಲ್ಲ, ನಿಜವಾಗಿಯೂ ನಿಲ್ಲುತ್ತೆ. ಗಿಡ ಕೊಡುವುದನ್ನು ಪ್ರಾಮಾಣಿಕವಾಗಿಯೇ ಕೊಡುತ್ತೆ, ಇದನ್ನು ಮಾತ್ರ ಬದಲಾಯಿಸಬೇಡಿ. ಆಮೇಲೆ ಒಂದೊಂದು ಗಳಿಗೆಗೂ ಒಂದು ಕಾನ್‌ಸ್ಟಿಟ್ಯೂಷನ್ ಸೇವ್, ಅಂದರೆ ಮೈ ಎಷ್ಟು ತಾಳುತ್ತೆ ಅಂತ ನೋಡಲು 20 ಮುಖದ ಡೈಸ್ ಹಾಕಬೇಕು, 13 ದಾಟಬೇಕು. ತಪ್ಪಿದರೆ ನೆರಳು ಒಂದು ಮೆಟ್ಟಿಲು ಇಳಿಯುತ್ತೆ.

ಮೊದಲ ಮೆಟ್ಟಿಲು ಮಸುಕು. ಇದಕ್ಕೆ ಲೆಕ್ಕದಲ್ಲಿ ಏನೂ ಇಲ್ಲ. ಎದ್ದು ಬಿಸಿಲಿಗೆ ಬಂದಾಗ "ನಿನ್ನ ನೆರಳಿನ ಅಂಚು ಹಳೇ ಪಂಚೆ ಅಂಚಿನ ಥರ ಎಳೆ ಎಳೆಯಾಗಿದೆ" ಅಂತ ಹೇಳಿ, ಸುಮ್ಮನಾಗಿ. ಎರಡನೆಯದು ಅರೆ ನೆರಳು. ಬಿಸಿಲಿನಲ್ಲಿ ಏನು ಮಾಡಹೋದರೂ ಎರಡು ಸಲ ಡೈಸ್ ಹಾಕಿ ಕಡಿಮೆ ಬಿದ್ದದ್ದನ್ನೇ ತಗೊಳ್ಳಬೇಕು. ಮೂರನೆಯದು ಎಳೆ ನೆರಳು. ಹಿಟ್ ಪಾಯಿಂಟ್ (ಎಷ್ಟು ಪೆಟ್ಟು ತಡೆದುಕೊಳ್ಳಬಹುದು ಅನ್ನುವ ಲೆಕ್ಕ) ಮಿತಿ ಅರ್ಧಕ್ಕೆ ಬೀಳುತ್ತೆ, ಜೊತೆಗೆ ಪ್ರಾಣಿಗಳಿಗೆ ನಿನ್ನ ಗುರುತು ಹತ್ತುವುದಿಲ್ಲ. ನಿನ್ನದೇ ಕುದುರೆ ನಿನ್ನನ್ನು ಹತ್ತಿಸಿಕೊಳ್ಳಲ್ಲ.

ನಾಲ್ಕನೆಯದು ಬರಿದು. ಇಲ್ಲಿ ಯಾರೂ ಸಾಯುವುದಿಲ್ಲ. ಆದರೆ ಇನ್ನು ಮೇಲೆ ಬೇರೆ ಯಾವ ನೆರಳೂ ಅವನಿಗೆ ಹಿಡಿಯುವುದಿಲ್ಲ. ಮರದ ಕೆಳಗೆ ಕೂತರೂ ಬಿಸಿಲು, ಗುಡಿಯೊಳಗೆ ನಿಂತರೂ ನೆತ್ತಿ ಮೇಲೆ ಬಿಸಿಲು, ಕಂಬಳಿ ಹೊದ್ದರೆ ಕಂಬಳಿಯೊಳಗೂ ಬಿಸಿಲು. ಲೋಕದಲ್ಲಿ ಅವನಿಗೆ ತಂಪು ಸಿಗುವ ಜಾಗ ಒಂದೇ, ಆ ಕಳ್ಳಿಯ ಬುಡ. ಬರಿದಾದವರು ತಾವಾಗಿಯೇ ವಾಪಸ್ ಬರುತ್ತಾರೆ. ಬುಡದಲ್ಲಿ ಸಿಗುವ ಮೂಳೆಗಳು ಅವರವು, ಓಡಿ ಹೋಗಲಾರದೆ ಸತ್ತವರವಲ್ಲ.

ಸುಳಿವು ಎಷ್ಟು ಕೊಡಬೇಕು? ಜಾಸ್ತಿ ಕೊಟ್ಟರೆ ಮಜಾ ಹೋಗುತ್ತೆ ಅನ್ಸುತ್ತೆ.

ನನಗೆ ಹಾಗನ್ನಿಸಲ್ಲ. ಸುಳಿವಿಲ್ಲದೆ ಕೊಲ್ಲುವ ಗಿಡ ಗಿಡವಲ್ಲ, ಆಡಿಸುವವನ ಸಿಟ್ಟು. ಸುಳಿವು ಕಣ್ಣೆದುರೇ ಇರಬೇಕು, ಆದರೆ ಅದು ಸುಳಿವು ಅಂತ ಅನ್ನಿಸಬಾರದು.

ನಾನು ಕೊಡುವುದು ಮೂರು. ಒಂದು, ಗಿಡದಲ್ಲಿ ಒಂದು ಗೂಡೂ ಇಲ್ಲ. ಎರಡು, ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರಲ್ಲ, ಕುರುಬರ ಹಿಂಡು ಈ ತಂಪನ್ನು ಬಿಟ್ಟು ಬಿಸಿಲಿನಲ್ಲೇ ಸುತ್ತು ಬಳಸಿ ಹೋಗುತ್ತೆ, ಹಿಂಡಿನ ಆಡುಗಳೂ ಅತ್ತ ಮೂಸುವುದಿಲ್ಲ. ಮೂರನೆಯದೇ ನಿಜವಾದ ಗುಟ್ಟು: ಈ ನೆರಳು ಕದಲುವುದಿಲ್ಲ. ಯಾವ ಗಿಡದ ನೆರಳಾದರೂ ಬೆಳಿಗ್ಗೆ ಪಡುವಣಕ್ಕೆ ಚಾಚಿ ಸಂಜೆ ಮೂಡಣಕ್ಕೆ ಬರಬೇಕು. ಇದು ಇಟ್ಟಲ್ಲೇ ಇರುತ್ತೆ.

ನಮ್ಮ ತಂಡದಲ್ಲಿ ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗನೊಬ್ಬನಿದ್ದಾನೆ. ಮಾತು ಕಡಿಮೆ, ಮಂಡಕ್ಕಿ ಜಾಸ್ತಿ. ಮೂರನೇ ವಾರ ಎಲ್ಲರೂ ಕಾವಲಿನ ಬಗ್ಗೆ ಜಗಳ ಆಡುತ್ತಿರುವಾಗ ಇವನು, "ಅಣ್ಣ, ನಾನು ಇಲ್ಲೊಂದು ಕೋಲು ನೆಡ್ತೀನಿ" ಅಂದ.

"ಯಾಕೋ?"

"ಸುಮ್ನೆ. ನೆಟ್ಟು, ಅದರ ನೆರಳು ಬಿದ್ದ ಕಡೆ ಒಂದು ಕಲ್ಲಿಡ್ತೀನಿ. ಈ ಕಳ್ಳಿ ನೆರಳಿನ ಅಂಚಿಗೂ ಒಂದು ಕಲ್ಲು."

ಎರಡು ಗಳಿಗೆ ಕಳೆಯಿತು ಅಂದೆ. ಕೋಲಿನ ನೆರಳು ಕಲ್ಲಿನಿಂದ ಒಂದು ಗೇಣು ಸರಿದಿದೆ ಅಂದೆ. ಅವನು ಕಾದ. ಕಳ್ಳಿಯದು ಏನಾಯ್ತು ಅಂತ ಕೇಳಲೂ ಇಲ್ಲ, ಸುಮ್ಮನೆ ನನ್ನ ಮುಖ ನೋಡಿದ. ನಾನು "ಕಲ್ಲಿಗೆ ಅಂಟಿಕೊಂಡೇ ಇದೆ" ಅಂದಾಗ ಪಕ್ಕದವನು ಕಚ್ಚುತ್ತಿದ್ದ ಮಿರ್ಚಿ ಅರ್ಧಕ್ಕೇ ನಿಂತಿತ್ತು. ಅಷ್ಟಕ್ಕೆ ಡೈಸ್ ಬೇಕಾಗಲಿಲ್ಲ, ಕೇಳಲೂ ಬೇಡಿ. ಬುದ್ಧಿ ಓಡಿಸಿದವನಿಗೆ ಮತ್ತೆ ಡೈಸ್ ಹಾಕಿಸುವುದು ಜಿಪುಣತನ.

ಕಡಿದು ಹಾಕಿದರೆ?

ಹಾಲು ಚಿಮ್ಮುತ್ತೆ. ಹದಿನೈದು ಅಡಿವರೆಗೆ. ಡೆಕ್ಸ್ಟೆರಿಟಿ, ಅಂದರೆ ಚುರುಕಿನ, ಸೇವ್ 13, ತಪ್ಪಿದರೆ 3ಡಿ6 (ಆರು ಮುಖದ ಮೂರು ಡೈಸ್ ಹಾಕಿ ಕೂಡಿಸಿದಷ್ಟು) ಪೆಟ್ಟು, ಜೊತೆಗೆ ಒಂದು ಗಳಿಗೆ ಕಣ್ಣು ಕಾಣಲ್ಲ. ಇಲ್ಲೊಂದು ಸಣ್ಣ ತಕರಾರು ಬಂದಿತ್ತು: ಪಾಪಾಸುಕಳ್ಳಿಯಲ್ಲಿ ಹಾಲೆಲ್ಲಿದೆ ಅಂತ. ನಿಜ, ಇಲ್ಲ. ಪಾಪಾಸುಕಳ್ಳಿ ಅಮೆರಿಕ ಖಂಡದಿಂದ ಬಂದ ಬೇರೆ ಕುಟುಂಬದ ಗಿಡ, ಕಡಿದರೆ ಲೋಳೆ ನೀರು ಬರುತ್ತೆ. ಹೊಲದ ಬೇಲಿಯಲ್ಲಿ ನೆಡುವ ಹಾಲುಗಳ್ಳಿಯ ಜಾತಿಯೇ ಬೇರೆ. ಎರಡಕ್ಕೂ ನಾವು ಕಳ್ಳಿ ಅಂತಲೇ ಕರೆಯುತ್ತೇವೆ. ನೆರಳುಗಳ್ಳಿಗೆ ಪಾಪಾಸುಕಳ್ಳಿಯ ಮುಳ್ಳು, ಬೇಲಿಕಳ್ಳಿಯ ಹಾಲು ಎರಡನ್ನೂ ಕೊಟ್ಟಿದ್ದೇನೆ. ಮಂತ್ರದ ಗಿಡ ತಾನೆ, ಸಸ್ಯಶಾಸ್ತ್ರದವರು ಕ್ಷಮಿಸಲಿ.

ಬೆಂಕಿ ಹಚ್ಚಿದರೆ?

ಎಲ್ಲ ತಂಡಗಳೂ ಮೊದಲು ಮಾಡುವುದು ಇದನ್ನೇ, ಎಲ್ಲ ತಂಡಗಳೂ ಕೆಡುವುದೂ ಇಲ್ಲೇ. ನೀರು ತುಂಬಿದ ಕಾಂಡ ಸುಲಭಕ್ಕೆ ಹತ್ತಿಕೊಳ್ಳುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ, ಬೆಂಕಿ ಅಂದರೆ ಬೆಳಕು, ಬೆಳಕು ಅಂದರೆ ಮತ್ತಷ್ಟು ನೆರಳು. ರಾತ್ರಿ ಅದರ ಹತ್ತಿರ ಒಲೆ ಹೂಡಿದರೆ ನಿಮ್ಮ ನೆರಳನ್ನು ಉದ್ದ ಮಾಡಿ ಅದರ ಬಾಯಿಗೆ ನೀವೇ ಕೊಟ್ಟ ಹಾಗೆ. ಬೆಂಕಿ ಉರಿಯುವಷ್ಟು ಹೊತ್ತು ಸೇವ್ 13ರ ಬದಲು 16 ಮಾಡಿ.

ಇದಕ್ಕೆ ಉಲ್ಟಾ ಉಪಾಯವೂ ಇದೆ. ಫ್ಲಡ್‌ಲೈಟ್ ಹಾಕಿ ಟೆನಿಸ್ ಬಾಲ್ ಕ್ರಿಕೆಟ್ ಆಡಿಸುವುದನ್ನು ನೋಡಿದ್ದೀರಲ್ಲ, ನಾಲ್ಕೂ ಕಡೆ ಲೈಟ್ ಇದ್ದಾಗ ಫೀಲ್ಡರ್ ಕಾಲಿನ ಸುತ್ತ ನಾಲ್ಕು ಸಪ್ಪೆ ನೆರಳು ಬೀಳುತ್ತವೆ. ಯಾವುದೂ ಗಟ್ಟಿ ಇರಲ್ಲ. ನಾಲ್ಕು ದಿಕ್ಕಿನಲ್ಲಿ ನಾಲ್ಕು ಪಂಜು ನೆಟ್ಟರೆ ಗಿಡಕ್ಕೆ ಹಿಡಿತವೇ ಸಿಗುವುದಿಲ್ಲ, ಸೇವ್ 8ಕ್ಕೆ ಇಳಿಸಿ. ದಾವಣಗೆರೆಯವರು ಇದನ್ನು ತಾವಾಗಿಯೇ ಕಂಡುಹಿಡಿದರು. ಅವರ ತಂಡದಲ್ಲಿ ಇಬ್ಬರು ಕ್ರಿಕೆಟ್ ಹುಚ್ಚರು.

ರಾತ್ರಿ ಅದು ಏನು ಮಾಡುತ್ತೆ?

ಉಸಿರಾಡುತ್ತೆ. ನಿಜವಾದ ಪಾಪಾಸುಕಳ್ಳಿಯೂ ಹೀಗೇ. ಹಗಲು ಬಾಯಿ ತೆರೆದರೆ ನೀರು ಆವಿಯಾಗಿ ಹೋಗುತ್ತೆ ಅಂತ ಮೈಮೇಲಿನ ಸೂಕ್ಷ್ಮ ರಂಧ್ರಗಳನ್ನು ಮುಚ್ಚಿಕೊಂಡಿದ್ದು, ರಾತ್ರಿ ತಂಪಿನಲ್ಲಿ ತೆರೆದು ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಎಳೆದು ಕೂಡಿಟ್ಟುಕೊಳ್ಳುತ್ತೆ. ಬಿಸಿಲು ಬಂದ ಮೇಲೆ ಅಡುಗೆ. ನೆರಳುಗಳ್ಳಿ ರಂಧ್ರ ತೆರೆದಾಗ ಕದ್ದ ನೆರಳುಗಳು ಉಸಿರಿನ ಜೊತೆ ಹೊರಗೆ ಬಂದು, ಸುತ್ತಲಿನ ಬಂಡೆಗಳ ಮೇಲೆ ಓಡಾಡಿ, ಬೆಳಗಿನ ಜಾವಕ್ಕೆ ಒಳಗೆ ಹೋಗುತ್ತವೆ. ಬೆಳದಿಂಗಳಿದ್ದರೆ ಕಾಣಿಸುತ್ತವೆ. ಅವು ಯಾರಿಗೂ ಏನೂ ಮಾಡುವುದಿಲ್ಲ. ಒಂದು ನೆರಳು ಕೂತು ರೊಟ್ಟಿ ತಟ್ಟುತ್ತಿರುತ್ತೆ, ಒಂದು ಗಾಡಿಗೆ ಎತ್ತು ಕಟ್ಟುತ್ತಿರುತ್ತೆ. ಇಲ್ಲಿ ಹೆದರಿಸಲು ಹೋಗಬೇಡಿ, ಮೆಲ್ಲಗೆ ಹೇಳಿ. ನಮ್ಮಲ್ಲಿ ಇದನ್ನು ಹೇಳುವಾಗಲೇ ಕರೆಂಟ್ ಹೋಗಿ ಮೇಣದಬತ್ತಿ ಹಚ್ಚಿದೆವು. ನಾನು ಪುಣ್ಯ ಮಾಡಿದ್ದೆ.

ಬೇರು ಎಷ್ಟು ಆಳ?

ಆಳವೇ ಇಲ್ಲ. ನಮ್ಮವರು ಬಳ್ಳಾರಿ ಜಾಲಿ ನೆನಪಿಟ್ಟುಕೊಂಡು ಪಾತಾಳದವರೆಗೆ ಅಗೆಯಲು ಶುರು ಮಾಡಿದ್ದರು. ಜಾಲಿಯ ವಿಷಯದಲ್ಲಿ ಅದು ಸರಿ. ಅದರ ಜಾತಿಯ ಬೇರು ಅಮೆರಿಕದ ಅರಿಜೋನಾದ ಗಣಿಯೊಂದರಲ್ಲಿ 50 ಮೀಟರಿಗೂ ಕೆಳಗೆ ಸಿಕ್ಕಿದೆ. ಕಳ್ಳಿಯ ದಾರಿ ಬೇರೆ. ಅಪರೂಪಕ್ಕೆ ಬೀಳುವ ನಾಲ್ಕು ಹನಿಯನ್ನು ನೆಲದ ಮೇಲ್ಮೈಯಲ್ಲೇ ಹಿಡಿಯಬೇಕು, ಅದಕ್ಕೆ ಬೇರು ಗೇಣುದ್ದ ಆಳ, ಅಗಲ ಮಾತ್ರ ಬಹಳ. ನೆರಳುಗಳ್ಳಿಯ ಬೇರು ಸುತ್ತ ಅರವತ್ತು ಅಡಿ ಹರಡಿದೆ, ನಡೆದು ಬರುವವರ ಹೆಜ್ಜೆ ಅದಕ್ಕೆ ಗೊತ್ತಾಗುತ್ತೆ. ಗಿಡದ ಬುಡದಲ್ಲಿ ಮಾತ್ರ ಮೊಣಕಾಲು ಆಳಕ್ಕೆ ಒಂದು ಗೆಡ್ಡೆ, ಕೊಡದಷ್ಟು ದಪ್ಪ. ಕದ್ದ ಮಾಲು ಇರುವುದು ಅಲ್ಲಿ.

ಹೋದ ನೆರಳನ್ನು ವಾಪಸ್ ತರಬಹುದಾ?

ಮಸುಕು, ಅರೆ ಆದವರು ದೀಪವಿಲ್ಲದೆ ಬಯಲಿನಲ್ಲಿ ಮೂರು ರಾತ್ರಿ ಮಲಗಿದರೆ ತಾನೇ ಬೆಳೆಯುತ್ತೆ. ಅದಕ್ಕಿಂತ ಮುಂದೆ ಹೋದವರು ಗೆಡ್ಡೆ ಸೀಳಲೇಬೇಕು, ಅದೂ ಮುಸ್ಸಂಜೆಯಲ್ಲಿ. ಸೀಳಿದಾಗ ನಿಮ್ಮದೊಂದೇ ಬರಲ್ಲ, ನೂರಾರು ವರ್ಷದ ನೆರಳುಗಳು ಒಟ್ಟಿಗೆ ಹೊರಬೀಳುತ್ತವೆ. ಯಾರ ಕಾಲು ಸಿಕ್ಕಿತೋ ಅಂಟಿಕೊಳ್ಳುತ್ತವೆ. 20 ಮುಖದ ಡೈಸ್ ಹಾಕಿ. 12 ಅಥವಾ ಮೇಲೆ ಬಿದ್ದರೆ ನಿಮ್ಮದು ನಿಮಗೆ. ಕೆಳಗೆ ಬಿದ್ದರೆ ಇನ್ಯಾರದೋ.

ನಮ್ಮ ತಂಡದ ಮಹಾವೀರ, ಆರಡಿ ಎತ್ತರ, ಎರಡು ಕೈಲಿ ಹಿಡಿಯುವ ಗದೆ, ಅವನಿಗೆ ಬಿದ್ದದ್ದು 1. ಕುರಿಯ ನೆರಳು ಅಂಟಿಕೊಂಡಿತು. ಮುಂದಿನ ನಾಲ್ಕು ಭಾನುವಾರ ಅವನು ಯಾವ ಅರಮನೆಗೆ ಹೋದರೂ ಗೋಡೆ ಮೇಲೆ ಒಂದು ಕುರಿ ತಲೆ ಅಲ್ಲಾಡಿಸುತ್ತಿತ್ತು. ರಾಜನ ಮುಂದೆ ಗಂಭೀರವಾಗಿ ಮಾತಾಡುವಾಗ ಹಿಂದೆ ಅದು ಮೇಯುತ್ತಿತ್ತು. ಆಡಿದವನಿಗೆ ಮೊದಲು ಸಿಟ್ಟು ಬಂತು. ಆಮೇಲೆ ಸರಿ ಮಾಡಿಸಿಕೊಳ್ಳುವ ಅವಕಾಶ ಬಂದಾಗ ಬೇಡ ಅಂದ. ರಾತ್ರಿ ತೋಳಗಳು ಬಂದರೆ ಆ ನೆರಳು ಮೊದಲೇ ಬೆದರುತ್ತಂತೆ, ಅವನಿಗೆ ಕಾವಲು ಉಳಿಯಿತು.

ಸಾಯಿಸೋಕೆ ದಾರಿ ಇಲ್ವಾ ಹಾಗಾದರೆ?

ಗುರಾಣಿ ಲೆಕ್ಕ (ಆರ್ಮರ್ ಕ್ಲಾಸ್, ಏಟು ತಾಗಲು ಡೈಸ್‌ನಲ್ಲಿ ಬರಬೇಕಾದ ಅಂಕ) 11, ಹಿಟ್ ಪಾಯಿಂಟ್ 85. ಹಾಲಿಗೆ ತಯಾರಿದ್ದರೆ ಕಡಿದೇ ಕೆಡವಬಹುದು, ಆದರೆ ಬಿದ್ದ ತುಂಡೊಂದೊಂದೂ ಬೇರು ಬಿಟ್ಟು ಚಿಗುರುತ್ತೆ. ಬೇಲಿಯ ಕಳ್ಳಿ ಕಡಿದು ಹೊಲದಲ್ಲೇ ಬಿಟ್ಟವರಿಗೆ ಇದು ಗೊತ್ತು.

ನನಗೆ ಇಷ್ಟವಾದ ದಾರಿ ಹುಳ. ಇದು ಕಲ್ಪನೆ ಅಲ್ಲ, ಇತಿಹಾಸದಿಂದ ಎತ್ತಿದ್ದು. ಪಾಪಾಸುಕಳ್ಳಿಯ ರಸ ಹೀರಿ ಬದುಕುವ, ಬಿಳಿ ಹತ್ತಿಯಂಥ ಹೊದಿಕೆಯ ಒಂದು ಹುಳ ಇದೆ, ಹಿಸುಕಿದರೆ ಕಡುಗೆಂಪು ಬಣ್ಣ. ಆ ಬಣ್ಣದ ಆಸೆಗೆ 1795ರಲ್ಲಿ ಅದನ್ನು ಭಾರತಕ್ಕೆ ತಂದರು. ತಂದದ್ದು ತಪ್ಪು ಜಾತಿ. ಒಳ್ಳೆಯ ಬಣ್ಣ ಸಿಗಲಿಲ್ಲ, ಬದಲಿಗೆ ಹುಳ ಒಂದು ಜಾತಿಯ ಕಳ್ಳಿಯನ್ನೇ ತಿಂದು ತೇಗಿತು. ಕಳೆಯ ಮೇಲೆ ಹುಳ ಬಿಡಬಹುದು ಅಂತ ಜನ ಕಲಿತದ್ದು ಹೀಗೆ ಕೈತಪ್ಪಿ. ಉಳಿದ ಇನ್ನೊಂದು ಜಾತಿಯ ಕಳ್ಳಿಗೆ 1926ರಲ್ಲಿ ಮತ್ತೊಂದು ಹುಳ ತಂದು ಬಿಟ್ಟರು, ಅದೂ ಕೆಲಸ ಮಾಡಿತು.

ಆಟದಲ್ಲಿ ಹುಳ ಇರುವುದು ಬೆಂಗಾಡಿನ ಆಚೆ, ಬಣ್ಣಗಾರರ ಊರಿನಲ್ಲಿ. ಅವರು ಸುಮ್ಮನೆ ಕೊಡುವುದಿಲ್ಲ. ಹುಳಕ್ಕೆ ನೆರಳೇ ಇಲ್ಲದ ಕಾರಣ ಗಿಡಕ್ಕೆ ಅದು ಬಂದದ್ದು ತಿಳಿಯುವುದಿಲ್ಲ. ಒಂದು ತಿಂಗಳಲ್ಲಿ ಗಿಡ ಕುಸಿಯುತ್ತೆ. ಯುದ್ಧ ಬೇಕು ಅನ್ನುವವರಿಗೆ ಇದು ಸಪ್ಪೆ ಅನ್ನಿಸಬಹುದು, ಹಾಗಾದರೆ ಬಿಡಿ.

ಶೂನ್ಯ ನೆರಳಿನ ದಿನ ಅಂತಾರಲ್ಲ, ಏನದು?

ಸೂರ್ಯ ನೆತ್ತಿಯ ಮೇಲೆ ಸರಿಯಾಗಿ ಬರುವ ದಿನ. ಕರ್ಕಾಟಕ ವೃತ್ತಕ್ಕೂ ಮಕರ ವೃತ್ತಕ್ಕೂ ನಡುವಿನ ಊರುಗಳಿಗೆಲ್ಲ ವರ್ಷಕ್ಕೆ ಎರಡು ಸಲ ಇದು ಸಿಗುತ್ತೆ. ಚಿತ್ರದುರ್ಗಕ್ಕೆ ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ಮಧ್ಯದಲ್ಲೊಮ್ಮೆ. ಆ ಮಧ್ಯಾಹ್ನ ಅಂಗಳದಲ್ಲಿ ಒನಕೆ ನೆಟ್ಟಗೆ ನಿಲ್ಲಿಸಿ ನೋಡಿ, ನೆರಳು ಅದರ ಬುಡದೊಳಗೇ ಮುಳುಗಿರುತ್ತೆ. ಮೋಡ ಇರಬಾರದು ಅಷ್ಟೆ, ಆಗಸ್ಟ್‌ನದು ಸಾಮಾನ್ಯವಾಗಿ ಕೈಕೊಡುತ್ತೆ.

ಆಟದಲ್ಲಿ ಅಂಥ ಮಧ್ಯಾಹ್ನ ಅರ್ಧ ಗಳಿಗೆ ನೆರಳುಗಳ್ಳಿಯ ನೆರಳು ಮಾಯವಾಗುತ್ತೆ. ಆಗ ಅದು ಬರೀ ಒಂದು ಕಳ್ಳಿ. ಗೆಡ್ಡೆ ಅಗೆದರೂ ಹಾಲು ಚಿಮ್ಮುವುದಿಲ್ಲ, ಹೊರಬಂದ ನೆರಳುಗಳು ತಪ್ಪದೆ ತಮ್ಮ ತಮ್ಮವರನ್ನೇ ಸೇರುತ್ತವೆ. ದಿನ ಯಾವುದು ಅಂತ ಆಟಗಾರರೇ ಲೆಕ್ಕ ಹಾಕಿ ಕಂಡುಹಿಡಿಯಲಿ. ಕೋಲು ನೆಟ್ಟವನಿದ್ದರೆ ಕಂಡುಹಿಡಿಯುತ್ತಾನೆ.

ಹೂ ಬಿಡುತ್ತಾ?

ಬೆಂಗಾಡಿನ ಒಣಕೆರೆ ಕೋಡಿ ಬಿದ್ದ ವರ್ಷ ಮಾತ್ರ. ಅದು 89 ವರ್ಷಕ್ಕೊಮ್ಮೆ. ಈ ಲೆಕ್ಕ ಎಲ್ಲಿಂದ ಬಂತು ಅಂತ ಹಿರಿಯೂರಿನವರು ಕೇಳುವುದಿಲ್ಲ. ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ, ನಮ್ಮ ಮಾರಿಕಣಿವೆ, 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ. ಆ ನೀರು ನೋಡಲು ಜನ ಗಾಡಿ ಕಟ್ಟಿಕೊಂಡು ಹೋದರು. ಹೂವಿನ ಬಣ್ಣ ನಿಮಗೆ ಬಿಟ್ಟದ್ದು. ನಾನು ಇನ್ನೂ ತೋರಿಸಿಲ್ಲ.

ಯಾವ ನಿಯಮದ ಆಟಕ್ಕೆ ಇದು? ಯಾವ ಲೆವೆಲ್?

20 ಮುಖದ ಡೈಸ್ ಇರುವ ಯಾವುದಕ್ಕಾದರೂ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಐದನೇ ಆವೃತ್ತಿಯ ಮೂಲ ನಿಯಮಗಳ ದಾಖಲೆ 2023ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗೆ ಬಂದಿದೆ, ದುಡ್ಡಿಲ್ಲದೆ ಸಿಗುತ್ತೆ, ಅದರಲ್ಲೇ ಆಡಿಸಿ. 3ರಿಂದ 6ನೇ ಲೆವೆಲ್‌ಗೆ ಸರಿಹೋಗುತ್ತೆ. ಡೈಸ್ ಇಲ್ಲದಿದ್ದರೆ ಚೀಟಿ ಮೇಲೆ 1ರಿಂದ 20 ಬರೆದು ಚೊಂಬಿಗೆ ಹಾಕಿ ಎತ್ತಿ, ನಾವು ಶುರು ಮಾಡಿದ್ದೇ ಹಾಗೆ. ಕವಡೆ ಬೇಡ. ಚೌಕಾಬಾರಕ್ಕೆ ಅದು ಚೆನ್ನ, ಆದರೆ ಎಲ್ಲ ಗರಗಳೂ ಒಂದೇ ಸಮ ಬೀಳುವುದಿಲ್ಲ, ನಡುವಿನವೇ ಜಾಸ್ತಿ ಬೀಳುತ್ತವೆ.

ಮೇಜಿನ ಮೇಲೆ ನಿಜವಾದ ಕಳ್ಳಿ ಇಟ್ಟರೆ ಚೆನ್ನಾಗಿರುತ್ತಲ್ವಾ?

ಬೇಡ. ನಾನು ಇಟ್ಟಿದ್ದೆ. ಬೇಲಿಯಿಂದ ಒಂದು ಕೊಂಬೆ ಮುರಿದು ತಂದು ಲೋಟದಲ್ಲಿ ನಿಲ್ಲಿಸಿದ್ದೆ. ಹಾಲು ಬೆರಳಿಗೆ ಹತ್ತಿದ್ದು ಗಮನಿಸದೆ ಮುಖ ಒರೆಸಿಕೊಂಡೆ. ಕಣ್ಣಿನ ಹತ್ತಿರ ಚರ್ಮ ಸುಟ್ಟಂತಾಗಿ ಸಂಜೆಯವರೆಗೆ ಉರಿ. ಕಣ್ಣೊಳಗೆ ಹೋಗಿದ್ದರೆ ಕತೆ ಬೇರೆಯಾಗುತ್ತಿತ್ತು. ಕಳ್ಳಿ ಹಾಲಾಗಲಿ ಎಕ್ಕದ ಹಾಲಾಗಲಿ ಕಣ್ಣಿಗೆ ಬಿದ್ದರೆ ಕೂಡಲೇ ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆದುಕೊಂಡು ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು, ಮನೆಮದ್ದು ಹುಡುಕುತ್ತ ಕೂರಬಾರದು. ಈಗ ನಾನು ಹಸಿರು ಬಣ್ಣ ಬಳಿದ ಹೀರೆಕಾಯಿ ಸಿಪ್ಪೆ ಇಡುತ್ತೇನೆ. ಎಲ್ಲರೂ ನಗುತ್ತಾರೆ, ನಗಲಿ.

ಗಿಡ ಸತ್ತ ಮೇಲೆ ಆ ದೊಡ್ಡ ನೆರಳು ಏನಾಗುತ್ತೆ?

ಒಂದು ದಿನ ಅಲ್ಲೇ ಇರುತ್ತೆ, ಗಿಡವಿಲ್ಲದೆ. ಅದು ಬರೀ ನೆರಳು, ಏನೂ ಕದಿಯುವುದಿಲ್ಲ, ಡೈಸ್ ಬೇಡ. ಬಿಸಿಲಲ್ಲಿ ಬೆಂದು ಬಂದವರು ಧಾರಾಳವಾಗಿ ಮಲಗಬಹುದು ಅಂತ ನಾನೇ ಬಾಯಿಬಿಟ್ಟು ಹೇಳಿದೆ. ನಮ್ಮ ಆಟಗಾರರಲ್ಲಿ ಒಬ್ಬನೂ ಕೂರಲಿಲ್ಲ. ಕುರಿ ನೆರಳಿನವನು ಮಾತ್ರ ಅಂಚಿನಲ್ಲಿ ನಿಂತು ಒಂದು ಕಾಲು ಒಳಗಿಟ್ಟು ನೋಡಿದ. ನೆರಳು ಹಿಂದಕ್ಕೆ ಜಗ್ಗಿತು.